ಮುಸಾಫಿರನಿಗೆ ರಿಯಾಯಿತಿ ಇಲ್ಲದ ಆಟ

ಕಳೆದ ತಿಂಗಳು ಜುಮಾ ಮುಗಿದು ಜನ ಚಪ್ಪಲಿ ಹುಡುಕುತ್ತಿರುವಾಗ ಒಬ್ಬ ಯುವಕ ಹತ್ತಿರ ಬಂದು ಸಲಾಂ ಹೇಳಿದ. "ಉಸ್ತಾದ್, ಒಂದು ಕೇಳ್ಲಿಕ್ಕುಂಟು. ಬೈಬಾರದು" ಎಂದ. ಬಡ್ಡಿ ಸಾಲದ ವಿಷಯವೋ ಮನೆ ಜಗಳವೋ ಇರಬೇಕು ಅಂದುಕೊಂಡೆವು. ಅವನು ಕೇಳಿದ್ದು ಕಂಪ್ಯೂಟರ್ ಗೇಮಿನ ಬಗ್ಗೆ.

"ನಾನು ಹಿಂದೆ ಬೀಳ್ತಾ ಇದ್ದೇನೆ ಉಸ್ತಾದ್. ವಾರವಿಡೀ ಲೈನ್ ಮೇಲೆ ಇರ್ತೇನೆ. ಮನೆಗೆ ಬರುವಾಗ ಉಳಿದವರೆಲ್ಲ ಮುಂದೆ ಹೋಗಿರ್ತಾರೆ. ರಾತ್ರಿ ಕೂತು ಹಿಡಿಯಲಿಕ್ಕೆ ನೋಡ್ತೇನೆ. ಆಗ್ತಾ ಇಲ್ಲ."

ನಮಗೆ ಮೊದಲು ನಗು ಬಂತು. ಆಮೇಲೆ ಅವನು ಅಂಗಿಯ ತೋಳು ಮಡಚಿ ಮೊಣಕೈ ತೋರಿಸಿದ. ಚರ್ಮ ಉಜ್ಜಿ ಹೋಗಿತ್ತು. ಭಾನುವಾರ ರಾತ್ರಿ ಮೂರು ಗಂಟೆವರೆಗೆ ಆಡಿ, ಸೋಮವಾರ ಬೆಳಗ್ಗೆ ಬೈಕ್ ಹತ್ತಿ, ಕೋಣಂದೂರು ದಾಟುವಾಗ ಕಣ್ಣು ಎಳೆದು ಚರಂಡಿಗೆ ಬಿದ್ದಿದ್ದಾನೆ. ಎದುರಿಂದ ಲಾರಿ ಬಂದಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ನಮ್ಮ ನಗು ಅಲ್ಲಿಗೆ ನಿಂತಿತು.

ಅವನದ್ದು ಅಂಗಡಿಗಳಿಂದ ಆರ್ಡರ್ ಹಿಡಿಯುವ ಕೆಲಸ. ಸೋಮವಾರ ತೀರ್ಥಹಳ್ಳಿಯಿಂದ ಹೊರಟರೆ ಕೋಣಂದೂರು, ರಿಪ್ಪನ್‌ಪೇಟೆ, ಆನಂದಪುರ ಅಂತ ಅಂಗಡಿ ಅಂಗಡಿ ಹತ್ತಿಳಿದು ಸಾಗರ. ಅಲ್ಲಿ ಎರಡು ರಾತ್ರಿ ಲಾಡ್ಜ್. ಆಮೇಲೆ ಹೊಸನಗರ, ನಗರ. ಗುರುವಾರ ರಾತ್ರಿ ಮನೆ. ಇದು ಅವನೊಬ್ಬನ ಕಥೆಯಲ್ಲ. ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬ ಅರ್ಥದ ತುಳುವಿನ 'ಬ್ಯಾರ'ದಿಂದ ಬಂತು ಅಂತ ಹೇಳುತ್ತಾರೆ. ಹಿಂದಿನವರು ಒಣಮೀನು, ಬಟ್ಟೆ ಹೊತ್ತು ಘಟ್ಟ ಹತ್ತಿದರು. ಇವತ್ತು ಅಡಿಕೆ ಖರೀದಿಗೆ ಹೋಗುವವರು, ಪಿಕಪ್ ಓಡಿಸುವವರು, ಔಷಧ ಕಂಪನಿಯ ರೆಪ್‌ಗಳು, ತಿಂಗಳಿಗೊಮ್ಮೆ ಊರಿಗೆ ಹೋಗುವ ನಮ್ಮಂಥ ಉಸ್ತಾದರು, ಎಲ್ಲರೂ ಒಂದು ರೀತಿಯ ಮುಸಾಫಿರರೇ. ನಮ್ಮ ಮನೆಗಳಲ್ಲಿ ಅರ್ಧ ಮನೆಗಳ ಉಪ್ಪ ವಾರದಲ್ಲಿ ಎರಡು ಮೂರು ದಿನದ ನೆಂಟ.

ಹಾಗಾದರೆ ಈ "ಹಿಂದೆ ಬೀಳುವುದು" ಎಂತದು? ಹುಡುಗನೇ ನಮಗೆ ಬಿಡಿಸಿ ಹೇಳಿದ. ಹಿಂದೆ ಕಂಪ್ಯೂಟರ್ ಗೇಮ್ ಅಂದರೆ ಒಂದು ಸಿಡಿ. ಹಾಕಿದೆ, ಆಡಿದೆ, ಸೇವ್ ಮಾಡಿ ಎದ್ದೆ. ಆರು ತಿಂಗಳ ನಂತರ ಬಂದರೂ ಬಿಟ್ಟ ಜಾಗದಲ್ಲೇ ಇರ್ತದೆ. ಈಗ ವ್ಯಾಲರೆಂಟ್, ಫೋರ್ಟ್‌ನೈಟ್, ಮೊಬೈಲಿನ ಬಿಜಿಎಂಐ ಮುಂತಾದ ಆಟಗಳಿಗೆ 'ಸೀಸನ್' ಉಂಟು. 'ಬ್ಯಾಟಲ್ ಪಾಸ್' ಅಂತ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು. ಆದರೆ ದುಡ್ಡು ಕೊಟ್ಟ ಮಾತ್ರಕ್ಕೆ ಬಹುಮಾನ ಸಿಗುವುದಿಲ್ಲ, ಅವಧಿ ಮುಗಿಯುವ ಮೊದಲು ಇಷ್ಟು ಗಂಟೆ ಕೂತು ಆಡಿದರೆ ಮಾತ್ರ ಸಿಗುತ್ತದೆ. ದಿನಕ್ಕೊಂದು ಕೆಲಸ, ವಾರಕ್ಕೊಂದು ಕೆಲಸ. ಅಂದರೆ ದುಡ್ಡೂ ನಮ್ಮದು, ದುಡಿಮೆಯೂ ನಮ್ಮದು. ಇನ್ನೊಂದು, ರ‍್ಯಾಂಕಿನ ಪಂದ್ಯ ಶುರುವಾದರೆ ಅರ್ಧ ಮುಕ್ಕಾಲು ಗಂಟೆ ಎದ್ದು ಹೋಗುವ ಹಾಗಿಲ್ಲ. ಬಿಟ್ಟು ಎದ್ದರೆ ದಂಡ. ಬಾಂಗ್ ಆಗಲಿ, ಮಗು ಬೀಳಲಿ, ಅಡುಗೆಮನೆಯಿಂದ ಉಮ್ಮ ಕರೆಯಲಿ, ನಿಲ್ಲಿಸುವ ಗುಂಡಿಯೇ ಇಲ್ಲ.

ಪಿಸಿ ಗೇಮ್ ಆಡುವವನಿಗೆ ಪ್ರಯಾಣದಲ್ಲಿ ಇನ್ನೂ ಕಷ್ಟ. ದೊಡ್ಡ ಪಿಸಿಯನ್ನು ಬೈಕಿನಲ್ಲಿ ಹೊರಲು ಆಗುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್ ತೆಗೆದುಕೊಂಡರೆ ಅದರ ಭಾರ ಬೇರೆ, ದೊಡ್ಡ ಚಾರ್ಜರ್ ಬೇರೆ, ಆಡಲು ಶುರು ಮಾಡಿದರೆ ಬ್ಯಾಟರಿ ಒಂದೆರಡು ಗಂಟೆ ತಡೆಯುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರ್ತದೆ ಅಂತ ಹೇಳಲಿಕ್ಕಾಗದು. ನೆಟ್‌ವರ್ಕಿನ ಕಥೆ ಕೇಳುವುದೇ ಬೇಡ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದ್ದನ್ನು ಮಲೆನಾಡು ಮರೆತಿಲ್ಲ. ಇವತ್ತಿನ ಕೆಲವು ದೊಡ್ಡ ಆಟಗಳು 100 ಜಿಬಿಗಿಂತ ಹೆಚ್ಚು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಅದನ್ನು ಇಳಿಸಲು 50 ದಿನ ಬೇಕು! ಹಾಗಾಗಿ ಗುರುವಾರ ರಾತ್ರಿ ಮನೆಗೆ ಬಂದವನು ಮೊದಲು ಕಂಪ್ಯೂಟರ್ ಆನ್ ಮಾಡಿ ಅಪ್‌ಡೇಟ್ ಹಾಕ್ತಾನೆ, ಆಮೇಲೆ ಕೈಕಾಲು ತೊಳೆಯಲು ಹೋಗ್ತಾನೆ. ನಾಲ್ಕು ವರ್ಷದ ಮಗ ಬಾಗಿಲಲ್ಲಿ ನಿಂತಿರ್ತಾನೆ.

ಇಲ್ಲಿ ನಾವು ಒಂದು ಮಾತು ಹೇಳಬೇಕು. ನಮ್ಮ ದೀನ್ ಮುಸಾಫಿರನನ್ನು ಹೇಗೆ ನಡೆಸಿಕೊಳ್ಳುತ್ತದೆ? ದೂರ ಪ್ರಯಾಣದಲ್ಲಿ ಇರುವವನಿಗೆ ನಾಲ್ಕು ರಕಅತ್‌ನ ಫರ್ಳ್ ನಮಾಝನ್ನು ಎರಡಾಗಿ ಮಾಡಲು ಅನುಮತಿ ಉಂಟು. ನಮ್ಮ ಶಾಫಿಈ ಮದ್ಹಬ್‌ನಲ್ಲಿ ಳುಹರ್-ಅಸರ್, ಮಗ್ರಿಬ್-ಇಶಾ ಜೊತೆಗೂಡಿಸಲೂ ಆಗುತ್ತದೆ. ರಂಝಾನಿನ ಫರ್ಳ್ ಉಪವಾಸವನ್ನೇ ಬಿಟ್ಟು ನಂತರ ಖಳಾ ವೀಟಬಹುದು. ಇನ್ನೂ ಒಂದು ನೋಡಿ. ಜಮಾಅತ್ ನಮಾಝಿನ ನಡುವೆ ಮಗುವಿನ ಅಳು ಕೇಳಿದರೆ, ತಾಯಿಗೆ ಸಂಕಟವಾಗಬಾರದೆಂದು ಪ್ರವಾದಿ (ಸ.ಅ.) ನಮಾಝನ್ನು ಚುಟುಕುಗೊಳಿಸುತ್ತಿದ್ದರು ಎಂದು ಹದೀಸಿನಲ್ಲಿದೆ.

ಅಲ್ಲಾಹನ ಫರ್ಳ್ ಮುಸಾಫಿರನಿಗೆ ದಾರಿ ಬಿಡುತ್ತದೆ, ಮಗುವಿನ ಅಳುವಿಗೆ ಚಿಕ್ಕದಾಗುತ್ತದೆ. ಮನುಷ್ಯರು ಮಾಡಿದ ಒಂದು ಗೇಮ್ ಯಾರಿಗೂ ದಾರಿ ಬಿಡುವುದಿಲ್ಲ ಅಂದರೆ, ಅದಕ್ಕೆ ನಾವು ಕೊಡುತ್ತಿರುವ ಜಾಗ ಯಾವುದು? ಇದನ್ನೇ ಅವನಿಗೆ ಕೇಳಿದೆವು. "ಗೇಮ್ ಹರಾಮಾ ಉಸ್ತಾದ್?" ಅಂತ ಅವನು ತಿರುಗಿ ಕೇಳಿದ. ಆ ಪ್ರಶ್ನೆಯನ್ನೂ ಬಿಡುವ ಹಾಗಿಲ್ಲ.

ಹಣ ಇಟ್ಟು ಆಡುವುದು ಜೂಜು. ಸೂರಃ ಮಾಇದದ 90, 91ನೇ ಆಯತ್‌ಗಳಲ್ಲಿ ಮದ್ಯದ ಜೊತೆಗೇ ಅದನ್ನು ನಿಷೇಧಿಸಲಾಗಿದೆ, ಅದರಲ್ಲಿ ಚರ್ಚೆ ಇಲ್ಲ. ದೇಶದ ಕಾನೂನೂ ಈಗ ಅಲ್ಲಿಗೆ ಬಂದಿದೆ. ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಪಾಸು ಮಾಡಿ, ಹಣ ಇಟ್ಟು ಆಡುವ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸನ್ನು ಪ್ರೋತ್ಸಾಹಿಸುತ್ತದೆ. ಒಳಗೆ ಎಂತ ಇದೆ ಅಂತ ಗೊತ್ತಿಲ್ಲದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ತೆರೆಯುವ 'ಲೂಟ್ ಬಾಕ್ಸ್' ಕೂಡ ಜೂಜೇ ಎಂದು ಬೆಲ್ಜಿಯಂ ದೇಶ 2018ರಲ್ಲಿ ಹೇಳಿತು. ಅದರಿಂದ ನಮ್ಮ ಹುಡುಗರು ದೂರ ಇರುವುದೇ ಒಳ್ಳೆಯದು.

ಆದರೆ ಎಲ್ಲ ಆಟವನ್ನೂ ಒಂದೇ ಗೋಣಿಗೆ ತುಂಬಿ ಹೊರಗೆ ಎಸೆಯಲು ನಾವು ಸಿದ್ಧರಿಲ್ಲ. ಮದೀನಾ ಮಸೀದಿಯಲ್ಲಿ ಅಬಿಸೀನಿಯದವರು ಈಟಿ ಹಿಡಿದು ಆಡುವಾಗ ಪ್ರವಾದಿ (ಸ.ಅ.) ಅವರು ಆಯಿಷಾ (ರ.ಅ.) ಅವರಿಗೆ ಅದನ್ನು ನೋಡಲು ಬಿಟ್ಟಿದ್ದಾರೆ, ಅವರ ಜೊತೆ ಓಟದ ಪಂದ್ಯವನ್ನೂ ಆಡಿದ್ದಾರೆ. "ಕಂಪ್ಯೂಟರ್ ಮಾರಿ ಬಿಡು" ಅಂತ ಸುಲಭವಾಗಿ ಹೇಳುವ ಹಿರಿಯರು ಐಪಿಎಲ್ ಬಂದರೆ ಎಷ್ಟು ರಾತ್ರಿ ಟಿವಿ ಮುಂದೆ ಕೂರ್ತಾರೆ ಅಂತಲೂ ನಮಗೆ ಗೊತ್ತು. ಸಾಗರದ ಲಾಡ್ಜ್ ಕೋಣೆಯಲ್ಲಿ ಮಳೆಯ ರಾತ್ರಿ ಒಬ್ಬನೇ ಕೂರುವ ಹುಡುಗನಿಗೆ ಒಂಟಿತನ ಇರ್ತದೆ. ಅವನ ಅಣ್ಣ ದಮ್ಮಾಮಿನಲ್ಲಿದ್ದಾನೆ. ಇಬ್ಬರೂ ಹೆಡ್‌ಫೋನ್ ಹಾಕಿ ಒಂದು ಗಂಟೆ ಆಡುತ್ತಾ ಮಾತಾಡುತ್ತಾರಂತೆ. ಸೌದಿಯಲ್ಲಿ ಈಗ ಇದು ಸಣ್ಣ ವಿಷಯವಲ್ಲ, 2024ರಲ್ಲಿ ರಿಯಾದ್‌ನಲ್ಲೇ ಇ-ಸ್ಪೋರ್ಟ್ಸ್ ವರ್ಲ್ಡ್ ಕಪ್ ಆಯಿತು. ಅಣ್ಣ ತಮ್ಮ ಮಾತಾಡುವ ಒಂದು ಗಂಟೆಯನ್ನು ಕಿತ್ತುಕೊಳ್ಳಲು ನಮಗೆ ಮನಸ್ಸಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಅದು ಕೂಡ ಆಡುವವರೆಲ್ಲ ರೋಗಿಗಳು ಅನ್ನುವುದಿಲ್ಲ. ಹಿಡಿತ ತಪ್ಪುವುದು, ಬದುಕಿನ ಉಳಿದ ಕೆಲಸಗಳಿಗಿಂತ ಆಟ ಮುಂದಾಗುವುದು, ಕೆಡುಕು ಕಂಡರೂ ಬಿಡಲಾಗದಿರುವುದು, ಇದೆಲ್ಲ ಬಹುಕಾಲ, ಸಾಮಾನ್ಯವಾಗಿ ಒಂದು ವರ್ಷವಾದರೂ ಮುಂದುವರಿದರೆ ಅದು ಕಾಯಿಲೆ. ಅಂಥವರು ಮನೆಯಲ್ಲಿ ಇದ್ದರೆ ಬೈಯ್ಯುವುದು ಬಿಟ್ಟು ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್' ಕ್ಲಿನಿಕ್ ಉಂಟು.

ನಮ್ಮ ಹುಡುಗ ಅಲ್ಲಿಗೆ ಮುಟ್ಟಿಲ್ಲ. ಅವನಿಗೆ ಬೇಕಿದ್ದದ್ದು ಒಂದು ಲೆಕ್ಕ. ಕೂತು ಮಾಡಿದೆವು.

ಮೊದಲನೆಯದು, ಕಾಯುವ ಆಟ ಇಟ್ಟುಕೊ, ಕಾಯದ ಆಟ ಬಿಡು. ಮೈನ್‌ಕ್ರಾಫ್ಟಿನಲ್ಲಿ ಒಬ್ಬನೇ ಕಟ್ಟುವ ಲೋಕ, ಕಥೆಯ ಆಟ, ಸಾಲಿಟೇರ್, ಚೆಸ್, ಇವು ಒಂದು ತಿಂಗಳು ಬಿಟ್ಟರೂ ಮುನಿಸಿಕೊಳ್ಳುವುದಿಲ್ಲ. ಸ್ಟೀಮ್‌ನಲ್ಲಿ ಮೊದಲೇ ಇಳಿಸಿಟ್ಟ ಎಷ್ಟೋ ಆಟಗಳನ್ನು ಆಫ್‌ಲೈನ್ ಮೋಡ್‌ನಲ್ಲಿ ನೆಟ್ ಇಲ್ಲದೆ ಆಡಬಹುದಂತೆ. ಕ್ಲೌಡ್ ಸೇವ್ ಇದ್ದರೆ ಲ್ಯಾಪ್‌ಟಾಪಿನಲ್ಲಿ ಬಿಟ್ಟಲ್ಲಿಂದ ಮನೆಯ ಪಿಸಿಯಲ್ಲಿ ಮುಂದುವರಿಸಲೂ ಆಗುತ್ತದೆ. ಪಾಸ್ ಮಾತ್ರ ಇನ್ನು ಕೊಳ್ಳಬೇಡ. ಕಂಪನಿಯವರು ನಿನ್ನ ಲೈನಿನ ದಿನ ನೋಡಿ ಸೀಸನ್ ಇಟ್ಟಿಲ್ಲ.

ಎರಡನೆಯದು, ಮನೆ ಸೇರಿದ ರಾತ್ರಿ ಕಂಪ್ಯೂಟರ್ ಆನ್ ಮಾಡಬೇಡ. ಪ್ರಯಾಣದ ಕೆಲಸ ಮುಗಿದವನು ಬೇಗ ಮನೆಯವರ ಬಳಿ ಮರಳಲಿ ಎಂದು ಪ್ರವಾದಿ (ಸ.ಅ.) ಕಲಿಸಿದ್ದಾರೆ. ಬೈಕ್ ಅಂಗಳಕ್ಕೆ ಬಂದು ಮನಸ್ಸು ಇನ್ನೆಲ್ಲೋ ಇದ್ದರೆ ಅದು ಮರಳಿದ ಹಾಗಲ್ಲ.

ಮೂರನೆಯದು, ಮರುದಿನ ಗಾಡಿ ಹತ್ತುವುದಿದ್ದರೆ ಇಶಾ ನಂತರ ಆಟವಿಲ್ಲ. ಇದರಲ್ಲಿ ರಿಯಾಯಿತಿ ಇಲ್ಲ. ಆಗುಂಬೆ, ಹುಲಿಕಲ್ ಘಾಟಿಯ ತಿರುವುಗಳಿಗೆ ನಿದ್ದೆಗೆಟ್ಟ ಕಣ್ಣು ಸಾಲದು. ಬೈಕಿನವನ ಜೀವ ಅವನೊಬ್ಬನದ್ದಲ್ಲ, ಎದುರು ಬರುವವನದ್ದೂ ಹೌದು.

ಇಷ್ಟು ಹೇಳಿ ನಾವು ದೊಡ್ಡವರಾದೆವು ಅಂತ ತಿಳಿಯಬೇಡಿ. ತಿಂಗಳಿಗೊಮ್ಮೆ ಘಟ್ಟ ಇಳಿದು ಮನೆಗೆ ಹೋದಾಗ ನಾವೂ ಮೂಲೆಯಲ್ಲಿ ಕೂತು ವಾಟ್ಸಾಪ್ ಗ್ರೂಪುಗಳ ಮಸಲೆಗಳಿಗೆ ಉತ್ತರ ಬರೆಯುತ್ತಿದ್ದೆವು. ಒಮ್ಮೆ ಸಣ್ಣ ಮಗಳು ಬಂದು, "ಉಪ್ಪ, ನೀವು ಬಂದದ್ದಾ, ಇಲ್ಲ ಇನ್ನು ಬರ್ಲಿಕ್ಕೆ ಉಂಟಾ?" ಅಂತ ಕೇಳಿದಳು. ನಮ್ಮದು ದೀನಿನ ಕೆಲಸ, ಅವನದ್ದು ಆಟ ಅಂತ ನಾವು ಸಮಾಧಾನ ಮಾಡಿಕೊಳ್ಳಬಹುದು. ಮಗಳಿಗೆ ಕಂಡದ್ದು ಎರಡೂ ಒಂದೇ, ಉಪ್ಪನ ಬೆನ್ನು.

ಮೊನ್ನೆ ಜುಮಾದಲ್ಲಿ ಹುಡುಗ ಪುನಃ ಸಿಕ್ಕಿದ. ಈ ಸೀಸನ್ ಕೈಬಿಟ್ಟಿದ್ದಾನಂತೆ. "ಎರಡು ವಾರ ಬೇಜಾರಾಯಿತು ಉಸ್ತಾದ್, ಸುಳ್ಳು ಹೇಳೋದಿಲ್ಲ" ಎಂದ. ಶನಿವಾರ ಸಂಜೆ ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಮೈನ್‌ಕ್ರಾಫ್ಟಿನಲ್ಲಿ ಮನೆ ಕಟ್ಟುತ್ತಾರಂತೆ. ಮಗ ಎಲ್ಲ ಕಡೆ ಬಾಗಿಲೇ ಇಡ್ತಾನಂತೆ.

ಜಮಾಅತಿನ ಹಿರಿಯರಲ್ಲಿ ನಮ್ಮದೊಂದು ಕೇಳಿಕೆ. ಬೇರೆ ಊರಿನ ಯುವಕ ಕೆಲಸದ ಮೇಲೆ ನಿಮ್ಮ ಊರಿನಲ್ಲಿ ರಾತ್ರಿ ಉಳಿದರೆ, ಇಶಾ ನಂತರ ಮಸೀದಿ ಬಾಗಿಲಲ್ಲಿ ಅವನ ಕೈ ಹಿಡಿದು "ಎಲ್ಲಿಂದ ಬಂದದ್ದು, ಊಟ ಆಯ್ತಾ?" ಅಂತ ಕೇಳಿ. ಹೊಸನಗರದಲ್ಲಾಗಲಿ ಸಾಗರದಲ್ಲಾಗಲಿ ಆ ಒಂದು ಚಾ ಅವನ ರಾತ್ರಿಯನ್ನು ಸ್ವಲ್ಪ ಚಿಕ್ಕದು ಮಾಡೀತು. ಅಲ್ಲಾಹು ನಮ್ಮ ಸಮಯದಲ್ಲಿ ಬರಕತ್ ನೀಡಲಿ, ದಾರಿಯಲ್ಲಿರುವ ನಮ್ಮ ಮಕ್ಕಳನ್ನು ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.