ಜೀನ್ ಪರೀಕ್ಷೆಗಿಂತ ಮೊದಲು ಇಸಿಜಿ

ಹೃದಯಾಘಾತದ ತೀವ್ರತೆಯನ್ನು ಉರಿಯೂತದ ಜೀನ್‌ಗಳೇ ನಿರ್ಧರಿಸುತ್ತವೆ, ಆದ್ದರಿಂದ ಹಾವೇರಿಯಂಥ ಜಿಲ್ಲೆಯಲ್ಲೂ ಜೀನ್ ಪರೀಕ್ಷೆ ಮೊದಲು ಬರಬೇಕು ಎಂಬುದು ಈಚೆಗೆ ಅಚ್ಚಾದ ಲೇಖನವೊಂದರ ವಾದ. ಉರಿಯೂತಕ್ಕೆ ಪಾತ್ರವಿರುವುದು ನಿಜ. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸಿದ ಔಷಧ ಹೃದಯಾಘಾತದಂಥ ಅನಾಹುತಗಳನ್ನು ಸುಮಾರು 15% ಇಳಿಸಿತು. ಆದರೆ ಅಲ್ಲಿಂದ ಜೀನ್ ಪರೀಕ್ಷೆಗೆ ಜಿಗಿಯುವುದು ತರ್ಕವಲ್ಲ. ಉರಿಯೂತದ ಸೂಚಕವಾದ ಸಿಆರ್‌ಪಿಯನ್ನು ಹುಟ್ಟಿನಿಂದಲೇ ಹೆಚ್ಚಿಸುವ ಜೀನ್ ಭೇದ ಉಳ್ಳವರಲ್ಲಿ ಹೃದ್ರೋಗ ಹೆಚ್ಚಿಲ್ಲವೆಂದು 2011ರ ದೊಡ್ಡ ವಿಶ್ಲೇಷಣೆ ತೋರಿಸಿತು. ಉರಿಯೂತದ ಸಂಕೇತವನ್ನು ಪಡೆಯುವ ಇಂಟರ್‌ಲ್ಯೂಕಿನ್-6 ಗ್ರಾಹಕದ ಜೀನ್‌ನ ಒಂದು ಭೇದ ಹೃದ್ರೋಗದಿಂದ ರಕ್ಷಣೆ ಕೊಡುತ್ತದೆ, ನಿಜ. ಆದರೆ ಒಬ್ಬ ರೋಗಿಯ ಮಟ್ಟಿಗೆ ಆ ರಕ್ಷಣೆ ಅತ್ಯಲ್ಪ.

ಅಪ್ಪನಿಗೂ ಅಣ್ಣನಿಗೂ ಹೃದಯಾಘಾತ ಆಗಿತ್ತಲ್ಲ ಎನ್ನುವವರಿದ್ದಾರೆ. ಮನೆತನದಲ್ಲಿ ಜೀನ್ ಜೊತೆಗೆ ಬೀಡಿ, ಗುಟ್ಕಾ, ಊಟದ ರೂಢಿಯೂ ಇಳಿದುಬರುತ್ತವೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ (2004) ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು 90% ಭಾಗವನ್ನು ಧೂಮಪಾನ, ಬಿ.ಪಿ., ಸಕ್ಕರೆ ಕಾಯಿಲೆ ಮೊದಲಾದ ಒಂಬತ್ತೇ ಅಂಶಗಳಲ್ಲಿ ಕಂಡಿತು. ಇನ್ನು ತೀವ್ರತೆಯ ಮಾತು: ಮುಚ್ಚಿದ ರಕ್ತನಾಳ ತೆರೆಯಲು ತಡವಾದಷ್ಟೂ ಹೃದಯದ ಹೆಚ್ಚು ಸ್ನಾಯು ಸಾಯುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಮಾಲನಿಗೆ ಎದೆನೋವು ಬಂದಾಗ ಬೇಕಾದದ್ದು ಇಸಿಜಿ ಮತ್ತು ಹೆಪ್ಪು ಕರಗಿಸುವ ಚುಚ್ಚುಮದ್ದು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೂ ಇದೇ. ಸರ್ಕಾರದ ಹಣ ಮೊದಲು ಅಲ್ಲಿಗೆ ಹೋಗಲಿ.