ಇರುಳಿನ ಕಾವಲುಗಾರರು
ಮಸ್ಕಿಯ ಬೆಟ್ಟದ ಮೇಲೆ ಕತ್ತಲು ಕವಿಯುತ್ತಲೇ ಬಾವಲಿಗಳು ಹಾರತೊಡಗುತ್ತವೆ. ಪಾಳುಗೋಡೆಯ ಸಂದಿಯಿಂದ ಗೂಬೆ ಇಣುಕುತ್ತದೆ. ಅಪಶಕುನವೆಂದು ಕಲ್ಲೆತ್ತಿಕೊಳ್ಳುವವರೂ ಉಂಟು. ಇದೇ ಊರಿನ ಬಂಡೆಯ ಮೇಲೆ 1915ರಲ್ಲಿ ದೊರೆತ ಶಾಸನವಲ್ಲವೇ, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂದು ಜಗತ್ತಿಗೆ ತಿಳಿಸಿದ್ದು? ಆ ದೊರೆ ಪಟ್ಟವೇರಿ 26 ವರ್ಷಗಳಾದ ಮೇಲೆ, ಉತ್ತರದೇಶದ ತನ್ನ ಐದನೆಯ ಸ್ತಂಭಶಾಸನದಲ್ಲಿ, ಕೊಲ್ಲಬಾರದ ಪ್ರಾಣಿಗಳ ನಡುವೆ ಬಾವಲಿಯನ್ನೂ ಹೆಸರಿಸಿದನು.

ಗೂಬೆಗಾದರೋ ಸಿಂಧನೂರಿನ ಗದ್ದೆಗಳೇ ಸಾಕ್ಷಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದ ಬತ್ತವನ್ನು ಇಲಿ ಕಡಿಯುತ್ತದೆ. ಹಗಲು ಬಿಲದಲ್ಲಿ ಅಡಗಿ ಇರುಳು ಹೊರಬೀಳುವ ಆ ಕಳ್ಳನನ್ನು ಸದ್ದಿಲ್ಲದ ರೆಕ್ಕೆಯ ಗೂಬೆ ಹಿಡಿಯುತ್ತದೆ. ರೈತನು ಮಲಗಿರುವಾಗ ಅವನ ಗದ್ದೆಯನ್ನು ಕಾಯುವುದು ಅದೇ. ಕಾವಲುಗಾರನಿಗೆ ಕಲ್ಲೆಸೆದ ಊರಿನಲ್ಲಿ ಕಣಜ ತುಂಬೀತೇ?