ಎತ್ತರದ ಕಂಬವೂ ಗಿಡ್ಡ ಕಂಬವೂ

ಈಚೆಗೆ ಬಂಧುವೊಬ್ಬರಿಗಾಗಿ ಆಸ್ಪತ್ರೆಯೊಂದರ ಮೊಗಸಾಲೆಯಲ್ಲಿ ಕಾದು ಕುಳಿತಿದ್ದಾಗ ಗೋಡೆಯ ಮೇಲಿನ ನಕ್ಷೆಯೊಂದು ನನ್ನ ಕಣ್ಣಿಗೆ ಬಿದ್ದಿತು. ರೋಗಿಗಳ ದೂರುಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಹೆಚ್ಚು ಬಂದುದನ್ನು ಎಡಕ್ಕಿಟ್ಟು, ಉಳಿದವನ್ನು ಇಳಿಯುವ ಕ್ರಮದಲ್ಲಿ ಬಲಕ್ಕೆ ನಿಲ್ಲಿಸಿ ಕಂಬಗಳನ್ನು ಬರೆದಿದ್ದರು. ಅವುಗಳ ಮೇಲೆ, ಕೂಡುತ್ತ ಬಂದ ಮೊತ್ತವನ್ನು ಶೇಕಡಾ ಲೆಕ್ಕದಲ್ಲಿ ತೋರುವ ಗೆರೆಯೊಂದು 100ರವರೆಗೆ ಏರಿತ್ತು. ಇದಕ್ಕೆ ಪರೇಟೊ ನಕ್ಷೆಯೆಂದು ಹೆಸರು.

ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ (1848–1923) ಬರೆದುದು ಸಂಪತ್ತಿನ ಹಂಚಿಕೆಯನ್ನು ಕುರಿತೇ ಹೊರತು ಆಸ್ಪತ್ರೆಗಳನ್ನು ಕುರಿತಲ್ಲ. ಕೆಲವೇ ಕಾರಣಗಳಿಂದ ಬಹುಪಾಲು ದೋಷಗಳು ಹುಟ್ಟುತ್ತವೆಂಬ ತತ್ತ್ವಕ್ಕೆ ಅವನ ಹೆಸರನ್ನಿಟ್ಟವರು ಅಮೆರಿಕದ ಜೋಸೆಫ್ ಜುರಾನ್. ಹಾಗೆ ಹೆಸರಿಟ್ಟದ್ದು ತಮ್ಮ ತಪ್ಪೆಂದು 1975ರಲ್ಲಿ ಅವರೇ ಬರೆದು ಒಪ್ಪಿಕೊಂಡರು. ದೋಷಗಳನ್ನು ಹುಡುಕುವ ವಿದ್ಯೆಯವರಿಗೆ ಒಪ್ಪುವ ನಡತೆ ಅದು!

ನಕ್ಷೆಯ ಉಪಕಾರ ಸಣ್ಣದಲ್ಲ. ಕೆಡುಕು ಕಂಡೊಡನೆ ಎದುರಿಗೆ ಸಿಕ್ಕ ದಾದಿಯನ್ನು ಗದರಿಸುವುದು ನಮ್ಮ ರೂಢಿ. ಎಣಿಕೆ ಆ ಕೋಪವನ್ನು ತಡೆಯುತ್ತದೆ. ಕ್ರಿಮಿಯ ಯುದ್ಧದಲ್ಲಿ ಬ್ರಿಟಿಷ್ ಸೈನಿಕರನ್ನು ಹೆಚ್ಚಾಗಿ ಕೊಂದುದು ಗಾಯವಲ್ಲ, ತಡೆಯಬಹುದಾಗಿದ್ದ ರೋಗ ಎಂದು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಚಿತ್ರ ಬರೆದು ತೋರಿದುದೂ ಎಣಿಕೆಯ ಬಲದಿಂದಲೇ. ಆಕೆಯ ಚಿತ್ರದ ರೂಪ ಬೇರೆ, ಉದ್ದೇಶ ಇದೇ.

ಆದರೂ ಆ ಗೋಡೆಯ ಮುಂದೆ ನನಗೆ ಸಮಾಧಾನವಾಗಲಿಲ್ಲ. ಎಡತುದಿಯ ಎತ್ತರದ ಕಂಬ, ಔಷಧಿಗಾಗಿ ಬಹಳ ಹೊತ್ತು ಕಾಯುವುದು. ಬಲತುದಿಯ ಗಿಡ್ಡ ಕಂಬ, ಔಷಧಿ ಅದಲುಬದಲಾದದ್ದು. ಕಾದವನು ಬೇಸರಗೊಂಡು ದೂರು ಬರೆಯುತ್ತಾನೆ. ಬೇರೊಬ್ಬರ ಔಷಧಿಯನ್ನು ಕುಡಿದವನು ದೂರು ಬರೆಯಲು ಉಳಿಯದೆಯೂ ಹೋಗಬಹುದು. ಅಕ್ಷರ ಬಾರದವನ ಸಂಕಟವಂತೂ ಯಾವ ಕಂಬಕ್ಕೂ ಸೇರುವುದಿಲ್ಲ. ಎಷ್ಟು ಸಲ ಆಯಿತೆಂಬುದನ್ನು ನಕ್ಷೆ ಬಲ್ಲದು. ಎಷ್ಟು ನೋಯಿಸಿತೆಂಬುದನ್ನು ನಾವಾಗಿ ಹೇಳಿಕೊಟ್ಟ ಹೊರತು ಅರಿಯದು.

ಆದುದರಿಂದ ದೂರಿನ ಪೆಟ್ಟಿಗೆಯೊಂದನ್ನೇ ನಂಬದೆ ರೋಗಿಗಳ ದಾಖಲೆಗಳನ್ನೂ ತೆರೆದು ಎಣಿಸಬೇಕು; ಹಾನಿಯ ತೂಕವನ್ನು ಕಟ್ಟಿ ಎರಡನೆಯ ನಕ್ಷೆಯೊಂದನ್ನು ಬರೆಯಬೇಕು. ಅನಂತರವೂ ‘ಏಕೆ?’ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಸಾಲು ಬೆಳೆದಾಗ ಔಷಧಿ ಕೊಡುವವನು ಅವಸರಪಡುತ್ತಾನೆ. ಅವಸರದಲ್ಲಿ ಕೈ ತಪ್ಪುತ್ತದೆ. ಹಾಗಿದ್ದರೆ ಎತ್ತರದ ಕಂಬದ ಬುಡದಲ್ಲಿಯೇ ಗಿಡ್ಡ ಕಂಬದ ಬೇರೂ ಇರಬಹುದಲ್ಲವೆ? ಎಲ್ಲಿ ಅಗೆಯಬೇಕೆಂದು ನಕ್ಷೆ ತೋರಿಸಬಲ್ಲದು. ಹಾರೆಯನ್ನು ನಾವೇ ಹಿಡಿಯಬೇಕು.